ಹೊಸ ಪ್ಲೇಯರಿನ ಬಿಗಿ

ಹೊಸ ಕಟಿಂಗ್ ಪ್ಲೇಯರಿನ ಬಿಗಿಯೆಲ್ಲ ಅದರ ಕೀಲಿನಲ್ಲಿರುತ್ತದೆ. ಎರಡು ಕೈ ಹಾಕಿ ಅಗಲಿಸಬೇಕಾದಷ್ಟು ಗಟ್ಟಿಯಾಗಿ ಕೆಲವು ಬರುತ್ತವೆ. ತೆರೆದರೆ ತೆರೆದಲ್ಲೇ ನಿಲ್ಲುತ್ತವೆ, ಮುಚ್ಚಿದರೆ ಮುಚ್ಚಿದಲ್ಲೇ. ರಾಮನಗರದ ಹಾರ್ಡ್‌ವೇರ್ ಅಂಗಡಿಗಳಿಗೆ ಬರುವ ಗಿರಾಕಿಗಳಲ್ಲಿ ಎರಡು ಬಗೆ. ಮನೆಗೆಂದು ಕೊಳ್ಳುವವರು ನಾಲ್ಕೈದನ್ನು ತೆಗೆಸಿ, ಆಡಿಸಿ ನೋಡಿ, ಸಲೀಸಾಗಿ ಆಡುವುದನ್ನು ಆರಿಸುತ್ತಾರೆ. ಮೋಟಾರ್ ರಿಪೇರಿಯವರು, ವೈರಿಂಗ್ ಕೆಲಸದವರು ಅದೇ ರಾಶಿಯಿಂದ ಬಿಗಿಯಾದದ್ದನ್ನೇ ಹುಡುಕಿ ಎತ್ತಿಕೊಳ್ಳುತ್ತಾರೆ. ಬಿಗಿಯಾದದ್ದನ್ನು ಸಡಿಲಿಸಿಕೊಳ್ಳಬಹುದು, ಅಂಗಡಿಯಲ್ಲೇ ಸಡಿಲವಾಗಿರುವುದು ಆರು ತಿಂಗಳಿಗೆ ಲೊಡಲೊಡ ಅನ್ನುತ್ತದೆ ಎಂಬುದು ಅವರ ಲೆಕ್ಕ. ಲೆಕ್ಕವೇನೋ ಸರಿ. ಆದರೆ ಬಿಗಿಯೆಲ್ಲ ಒಂದೇ ಜಾತಿಯದಲ್ಲ, ಯಾವ ಬಿಗಿ ಎಂದು ತಿಳಿಯದೆ ಸಡಿಲಿಸಲು ಹೊರಟರೆ ಒಳ್ಳೆಯ ಉಪಕರಣವೂ ಕೆಡುತ್ತದೆ.

ಪ್ಲೇಯರ್ ಅಂದರೆ ಒಂದರ ಮೇಲೊಂದು ಅಡ್ಡ ಹಾಯುವ ಎರಡು ಉಕ್ಕಿನ ತುಂಡುಗಳು. ಹಾಯುವ ಜಾಗದಲ್ಲಿ ಎರಡರಲ್ಲೂ ಅರ್ಧರ್ಧ ದಪ್ಪವನ್ನು ಕೊರೆದು, ಒಂದಕ್ಕೊಂದು ಚಪ್ಪಟೆಯಾಗಿ ಕೂರಿಸಿ, ನಡುವೆ ರಿವೆಟ್ ತೂರಿಸಿ ಅದರ ತಲೆಯನ್ನು ಬಡಿದು ಹರಡಿರುತ್ತಾರೆ. ಹಾಗಾಗಿ ಕೀಲಿನಲ್ಲಿ ಉಜ್ಜುವ ಜಾಗಗಳು ಎರಡು: ಒಂದು ರಿವೆಟ್ಟಿನ ಮೈ, ಇನ್ನೊಂದು ಒಂದಕ್ಕೊಂದು ಅಂಟಿ ಕೂತ ಆ ಚಪ್ಪಟೆ ಮುಖಗಳು. ಈ ಮುಖಗಳ ನಡುವೆ ಸಂದು ಹೆಚ್ಚಾದರೆ ಬಾಯಿ ಪಕ್ಕಕ್ಕೆ ಅಲುಗಾಡುತ್ತದೆ, ತಂತಿ ಕತ್ತರಿಸುವ ಎರಡು ಅಂಚುಗಳು ಎದುರುಬದುರು ಕೂರದೆ ಒಂದರ ಪಕ್ಕ ಒಂದು ಜಾರುತ್ತವೆ, ತಂತಿ ತುಂಡಾಗುವ ಬದಲು ಸಂದಿಗೆ ಸಿಕ್ಕಿ ಜಜ್ಜಿಹೋಗುತ್ತದೆ. ಅದಕ್ಕೇ ಕಾರ್ಖಾನೆಯವರು ಕೀಲನ್ನು ಬಿಗಿಯ ಕಡೆಗೇ ಬಿಡುತ್ತಾರೆ. ದುಬಾರಿ ಪ್ಲೇಯರುಗಳಲ್ಲಿ ಈ ಮುಖಗಳನ್ನು ನುಣ್ಣಗೆ ತೀಡಿ, ಎಣ್ಣೆ ಹಾಕಿ ಆಡಿಸಿ, ಅದು ಹದಕ್ಕೆ ಬಂದಮೇಲೆ ಡಬ್ಬಿಗೆ ಹಾಕುತ್ತಾರೆ. ಅಗ್ಗದವುಗಳಲ್ಲಿ ಆ ಕೊನೆಯ ಕೆಲಸವನ್ನು ಕೊಂಡವನ ಪಾಲಿಗೆ ಬಿಟ್ಟಿರುತ್ತಾರೆ. ಬೆಲೆಯಲ್ಲಿನ ವ್ಯತ್ಯಾಸದ ಒಂದು ಪಾಲು ಈ ಕೆಲಸದ ಕೂಲಿ ಎಂದು ತಿಳಿದುಕೊಂಡರೆ ಅಗ್ಗದ ಪ್ಲೇಯರಿನ ಮೇಲೆ ಸಿಟ್ಟು ಬರುವುದಿಲ್ಲ.

ಬಿಗಿಗೆ ಎರಡನೆಯ ಕಾರಣ ಇನ್ನೂ ಸಾದಾ. ಗೋದಾಮಿನಲ್ಲಿ, ಅಂಗಡಿಯ ಗೋಡೆಯ ಮೊಳೆಯಲ್ಲಿ ತಿಂಗಳುಗಟ್ಟಲೆ ತುಕ್ಕು ಹಿಡಿಯದೆ ಇರಲೆಂದು ಪ್ಲೇಯರಿಗೆ ಒಂದು ಪದರ ಎಣ್ಣೆಯನ್ನೋ ಮೇಣದಂಥ ಲೇಪವನ್ನೋ ಹಚ್ಚಿರುತ್ತಾರೆ. ಕಾಲ ಹೋದಂತೆ ಅದು ಒಣಗಿ, ಧೂಳು ಹಿಡಿದು, ಕೀಲಿನ ಸಂದಿಯಲ್ಲಿ ಅಂಟಾಗಿ ನಿಲ್ಲುತ್ತದೆ. ಮೂರನೆಯದು ನಿಜವಾದ ದೋಷ: ರಿವೆಟ್ ಓರೆಯಾಗಿ ಕೂತಿರುತ್ತದೆ, ಇಲ್ಲವೇ ಕೊರೆದ ಅಂಚಿನಲ್ಲಿ ಲೋಹದ ಸಣ್ಣ ಗರಿ ಉಳಿದಿರುತ್ತದೆ. ಈ ಮೂರನ್ನೂ ಬೇರ್ಪಡಿಸಿ ತಿಳಿಯಲು ಉಪಕರಣವೇನೂ ಬೇಡ. ಪ್ಲೇಯರನ್ನು ಪೂರ್ತಿ ತೆರೆದು ನಿಧಾನವಾಗಿ ಮುಚ್ಚಬೇಕು. ಆರಂಭದಿಂದ ಕೊನೆಯವರೆಗೆ ಒಂದೇ ಸಮನಾಗಿ ಬಿಗಿಯಿದ್ದರೆ ಅದು ನುಣುಪಾಗದ ಮುಖಗಳ ಬಿಗಿ. ಮೊದಲ ಸಲ ಗಟ್ಟಿಯಾಗಿದ್ದು, ನಾಲ್ಕು ಸಲ ಆಡಿಸುವಷ್ಟರಲ್ಲಿ ಮೆತ್ತಗಾಗಿ, ಒಂದು ರಾತ್ರಿ ಬಿಟ್ಟು ನೋಡಿದರೆ ಮತ್ತೆ ಗಟ್ಟಿಯಾಗಿದ್ದರೆ ಒಳಗೆ ಅಂಟಿದೆ. ಒಂದೇ ಜಾಗದಲ್ಲಿ ಕಚ್ಚಿ, ಕಟಕ್ಕೆಂದು ದಾಟಿ, ಆಮೇಲೆ ಸಲೀಸಾದರೆ ಒಳಗೆ ಗರಿಯೋ ಓರೆಯೋ ಇದೆ. ಮೊದಲೆರಡಕ್ಕೆ ಮದ್ದಿದೆ. ಮೂರನೆಯದನ್ನು ಬಿಲ್ಲಿನ ಸಮೇತ ಅಂಗಡಿಗೆ ವಾಪಸು ಕೊಡುವುದೇ ಸರಿ.

ಕೈಗೆ ಈ ಬಿಗಿ ಇಷ್ಟು ಕಾಡುವುದಕ್ಕೆ ಅಂಗೈಯ ರಚನೆಯೇ ಕಾರಣ. ಮುಷ್ಟಿ ಕಟ್ಟುವ ಸ್ನಾಯುಗಳು ಬಲವಾದವು, ಬೆರಳು ಬಿಡಿಸುವ ಸ್ನಾಯುಗಳು ದುರ್ಬಲ. ಎಂಟಿಂಚಿನ ಪ್ಲೇಯರಿನಲ್ಲಿ ಕೈ ಒತ್ತುವ ಜಾಗ ಕೀಲಿನಿಂದ ಸುಮಾರು 12 ಸೆಂಟಿಮೀಟರ್ ದೂರ ಇದ್ದು, ಕತ್ತರಿಸುವ ಅಂಚು ಒಂದೂವರೆ ಸೆಂಟಿಮೀಟರ್ ದೂರ ಇದ್ದರೆ, ಕೈಯ ಒತ್ತಡ ಅಂಚಿನಲ್ಲಿ ಎಂಟು ಪಟ್ಟಾಗುತ್ತದೆ. ಒತ್ತುವಾಗ ಕೀಲಿನ ಬಿಗಿ ಲೆಕ್ಕಕ್ಕೇ ಬರುವುದಿಲ್ಲ. ತೆರೆಯುವಾಗ ಮಾತ್ರ ಅದೆಲ್ಲ ಕಿರುಬೆರಳಿನ ಮೇಲೆ ಬೀಳುತ್ತದೆ, ಏಕೆಂದರೆ ಅಭ್ಯಾಸವಿರುವವರು ಪ್ಲೇಯರನ್ನು ಒಂದೇ ಕೈಯಲ್ಲಿ ಹಿಡಿದು, ಕಿರುಬೆರಳನ್ನೋ ಉಂಗುರ ಬೆರಳನ್ನೋ ಹಿಡಿಗಳ ಒಳಗಡೆ ತೂರಿಸಿ ಹೊರಕ್ಕೆ ತಳ್ಳಿ ತೆರೆಯುತ್ತಾರೆ. ಬಿಗಿಯಾದ ಪ್ಲೇಯರಿನಲ್ಲಿ ಅರ್ಧ ದಿನ ಕೆಲಸ ಮಾಡಿದವರಿಗೆ ಅಂಗೈಗಿಂತ ಮೊದಲು ಮುಂಗೈಯ ಮೇಲ್ಭಾಗ ನೋಯುವುದು ಇದರಿಂದ.

ಈ ಸೀಮೆಗೂ ಇಕ್ಕಳಕ್ಕೂ ಇರುವ ನಂಟು ಹಾರ್ಡ್‌ವೇರ್ ಅಂಗಡಿಗಿಂತ ಹಳೆಯದು. 2007ರಲ್ಲಿ ರಾಮನಗರ ಜಿಲ್ಲೆಯಾದಾಗ ಅದರೊಳಗೆ ಸೇರಿದ ನಾಲ್ಕು ತಾಲ್ಲೂಕುಗಳಲ್ಲಿ ಚನ್ನಪಟ್ಟಣ ಈಗ ಬಣ್ಣದ ಬೊಂಬೆಗೆ ಹೆಸರಾಗಿದ್ದರೂ, ಒಂದು ಕಾಲಕ್ಕೆ ಉಕ್ಕಿನ ತಂತಿಗೂ ಅಷ್ಟೇ ಹೆಸರಾಗಿತ್ತು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸದ ವರದಿಯಲ್ಲಿ ಚನ್ನಪಟ್ಟಣದ ತಂತಿಯ ಕಸುಬನ್ನು ದಾಖಲಿಸಿದ್ದಾನೆ. ವಾದ್ಯಗಳಿಗೆ ಬಿಗಿಯುವ ತಂತಿ ಅದು. ದೂರದ ಊರುಗಳಿಗೂ ಹೋಗುತ್ತಿತ್ತು. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅದೇ ವರದಿಯಲ್ಲಿ ಮಾಗಡಿ ಕಡೆಯ ಗಟ್ಟಿಪುರದ ಉಕ್ಕಿನ ಕುಲುಮೆಗಳ ವಿವರವೂ ಇದೆ. ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿ ಮತ್ತು ಹಸಿರೆಲೆಯ ಜೊತೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮೆತ್ತಿ, ಮೂಸೆಗಳನ್ನು ಒಟ್ಟಾಗಿ ಕುಲುಮೆಯಲ್ಲಿ ಕಾಯಿಸುತ್ತಿದ್ದರು. ಕಡ್ಡಿ ಮತ್ತು ಎಲೆಯ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು. ಮೂಸೆ ಆರಿದ ಮೇಲೆ ಒಡೆದರೆ ಒಳಗೆ ಉಕ್ಕಿನ ಗಟ್ಟಿ.

ಆ ಉಕ್ಕು ತಂತಿಯಾಗಬೇಕಾದರೆ ಇಕ್ಕಳ ಬೇಕು. ತಂತಿ ಎಳೆಯುವ ಕ್ರಮ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ: ಉಕ್ಕನ್ನು ಬಡಿದು ಸಣ್ಣ ಸಲಾಕೆ ಮಾಡಿ, ತುದಿಯನ್ನು ಚೂಪು ಮಾಡಿ, ತೂತಿರುವ ಗಡಸು ಫಲಕದ ಒಂದು ತೂತಿನಲ್ಲಿ ತೂರಿಸಿ, ಆಚೆಗೆ ಇಣುಕಿದ ತುದಿಯನ್ನು ಇಕ್ಕಳದಲ್ಲಿ ಕಚ್ಚಿ ಎಳೆಯುತ್ತಾರೆ. ಒಂದು ತೂತಿಗಿಂತ ಮುಂದಿನದು ಸಣ್ಣದು. ನಡುನಡುವೆ ಕಾಯಿಸಿ ಮೆತ್ತಗೆ ಮಾಡದಿದ್ದರೆ ತಂತಿ ತುಂಡಾಗುತ್ತದೆ. ಇಕ್ಕಳದ ಬಾಯಿ ಪಕ್ಕಕ್ಕೆ ಜಾರಿದರೂ ತುದಿ ಕಿತ್ತು ಬರುತ್ತದೆ. ವೀಣೆಗೆ ಬಿಗಿಯುವಂಥ ಸಮ ದಪ್ಪದ ತಂತಿಯನ್ನು ಕೈಯಲ್ಲೇ ಎಳೆಯುತ್ತಿದ್ದವರ ಇಕ್ಕಳಗಳು ಎಷ್ಟು ಹದವಾಗಿದ್ದಿರಬೇಕು ಎಂದು ಊಹಿಸಬಹುದು: ಬಾಯಿ ಕದಲದಷ್ಟು ಬಿಗಿ, ಸಾವಿರ ಸಲ ತೆರೆದು ಮುಚ್ಚಿದರೂ ಕೈ ಸೋಲದಷ್ಟು ಸಡಿಲ. ಈಗಿನ ಎಲೆಕ್ಟ್ರಿಷಿಯನ್ ತನ್ನ ಹೊಸ ಪ್ಲೇಯರಿನಿಂದ ಬಯಸುವುದೂ ಇಷ್ಟನ್ನೇ. ಕಾರ್ಖಾನೆಯ ತಂತಿ ಬಂದಮೇಲೆ ಚನ್ನಪಟ್ಟಣದ ತಂತಿ ನಿಂತಿತು, ಬೊಂಬೆ ಉಳಿಯಿತು.

ಸಡಿಲಿಸುವ ಕೆಲಸ ತೊಳೆಯುವುದರಿಂದ ಶುರುವಾಗುತ್ತದೆ. ಕೀಲಿಗೆ ನೇರವಾಗಿ ಎಣ್ಣೆ ಬಿಡುವುದು ಎಲ್ಲರೂ ಮಾಡುವ ಕೆಲಸ, ಆದರೆ ಒಣಗಿದ ಅಂಟಿನ ಮೇಲೆ ಹೊಸ ಎಣ್ಣೆ ಬಿದ್ದರೆ ಅಂಟು ನೆನೆದು ಕೆಸರಾಗುತ್ತದೆ ಅಷ್ಟೇ, ಹೊರಗೆ ಬರುವುದಿಲ್ಲ. ಹಿಂದೆ ಇದಕ್ಕೆ ಸೀಮೆಎಣ್ಣೆ ಬಳಸುತ್ತಿದ್ದರು. ಈಗ ಅದು ರೇಷನ್ ಅಂಗಡಿಯಲ್ಲೂ ಅಪರೂಪವಾದ್ದರಿಂದ ಡೀಸೆಲ್ಲಿನಲ್ಲೇ ಕೆಲಸ ಸಾಗುತ್ತದೆ. ತೆಂಗಿನ ಕರಟದಲ್ಲೋ ಹಳೆಯ ಡಬ್ಬಿಯ ಮುಚ್ಚಳದಲ್ಲೋ ಸ್ವಲ್ಪ ಡೀಸೆಲ್ ಹಾಕಿ, ಬಾಯಿ ಮತ್ತು ಕೀಲು ಮಾತ್ರ ಮುಳುಗುವಂತೆ ಪ್ಲೇಯರನ್ನು ತಲೆಕೆಳಗಾಗಿ ಒರಗಿಸಿ ಇಡಬೇಕು. ಹಿಡಿಯ ಪ್ಲಾಸ್ಟಿಕ್ ತೋಳು ಡೀಸೆಲ್ಲಿಗೆ ತಾಗಬಾರದು. ಪೆಟ್ರೋಲ್ ಡೀಸೆಲ್ ತಾಗಿದ ತೋಳು ಕ್ರಮೇಣ ಉಬ್ಬಿ, ಮೆತ್ತಗಾಗಿ, ಕೊನೆಗೆ ಕೈಯಲ್ಲೇ ಕಳಚಿ ಬರುತ್ತದೆ. ಅರ್ಧ ಗಂಟೆ ಬಿಟ್ಟು ತೆಗೆದು ಹತ್ತಿಪ್ಪತ್ತು ಸಲ ಆಡಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೀಲಿನ ಸುತ್ತ ತಿಕ್ಕಿ ಒರೆಸಿದರೆ, ಬಿಗಿ ಅಂಟಿನದೇ ಆಗಿದ್ದ ಪಕ್ಷದಲ್ಲಿ ಕೆಲಸ ಇಲ್ಲಿಗೇ ಮುಗಿಯುತ್ತದೆ. ಬೀಡಿ ಹಚ್ಚಿಕೊಂಡು ಈ ಕೆಲಸ ಮಾಡುವವರು ಗ್ಯಾರೇಜುಗಳಲ್ಲಿ ಈಗಲೂ ಇದ್ದಾರೆ. ಅವರನ್ನು ನೋಡಿ ಕಲಿಯಬೇಕಾಗಿಲ್ಲ.

ಆಮೇಲೆ ಎಣ್ಣೆ. ಹೊಲಿಗೆ ಮೆಷಿನ್ನಿಗೆ ಬಿಡುವ ತೆಳು ಎಣ್ಣೆ ಇದಕ್ಕೆ ಹೇಳಿ ಮಾಡಿಸಿದ್ದು. ಪ್ಲೇಯರನ್ನು ಅರ್ಧ ತೆರೆದು, ಬಾಯಿ ಕೆಳಗಾಗಿ ಹಿಡಿದು, ಎರಡು ತುಂಡುಗಳು ಸೇರುವ ಗೆರೆಯಗುಂಟ ಒಂದೊಂದೇ ಹನಿ ಬಿಡಬೇಕು. ಇನ್ನೊಂದು ಮಗ್ಗುಲಿಗೆ ತಿರುಗಿಸಿ ಅಲ್ಲಿಯೂ ಹಾಗೆಯೇ. ರಿವೆಟ್ಟಿನ ತಲೆಯ ಮೇಲೆ ಬಿಟ್ಟ ಹನಿ ಒಳಗೆ ಹೋಗುವುದಿಲ್ಲ, ಗೆರೆಯ ಮೇಲೆ ಬಿಟ್ಟದ್ದು ತಾನಾಗಿ ಸಂದಿಗೆ ಇಳಿಯುತ್ತದೆ. ನಂತರ ಪೂರ್ತಿ ತೆರೆಯುವುದು, ಪೂರ್ತಿ ಮುಚ್ಚುವುದು. ಅರ್ಧಂಬರ್ಧ ಆಡಿಸಿದರೆ ಆ ಅರ್ಧ ಮಾತ್ರ ಸವೆದು, ಮುಂದೆ ದಪ್ಪ ತಂತಿ ಹಿಡಿಯಲು ಅಗಲವಾಗಿ ತೆರೆದಾಗ ಅಲ್ಲಿಗೆ ಬಂದು ಕಚ್ಚುತ್ತದೆ. ಐವತ್ತು ಸಲದ ಹೊತ್ತಿಗೆ ಕೀಲಿನ ಅಂಚಿನಲ್ಲಿ ಎಣ್ಣೆ ಕಪ್ಪಾಗಿ ಒಸರತೊಡಗುತ್ತದೆ. ಬೆರಳಲ್ಲಿ ತಿಕ್ಕಿ ನೋಡಿದರೆ ಅದು ಬರೀ ಕೊಳೆಯಲ್ಲ, ಬೆಳಕಿಗೆ ಹಿಡಿದಾಗ ಬೂದುಬಣ್ಣದ ಸಣ್ಣ ಮಿನುಗು ಇರುತ್ತದೆ. ಕಣ್ಣಿಗೆ ಚಪ್ಪಟೆಯಾಗಿ ಕಾಣುವ ಉಕ್ಕಿನ ಮುಖದಲ್ಲಿ ಕೊರೆದ ಯಂತ್ರದ ಗೀರುಗಳು ಏರುತಗ್ಗಾಗಿ ಉಳಿದಿರುತ್ತವೆ. ಆ ಏರುಗಳು ಒಂದಕ್ಕೊಂದು ಉಜ್ಜಿ ಉದುರಿದ ಪುಡಿಯೇ ಈ ಮಿನುಗು. ಅದನ್ನು ಬಟ್ಟೆಯಿಂದ ಒರೆಸಿ ತೆಗೆದು, ಹೊಸ ಹನಿ ಬಿಟ್ಟು, ಮತ್ತೆ ಆಡಿಸಬೇಕು. ಒರೆಸದೆ ಆಡಿಸುತ್ತಲೇ ಇದ್ದರೆ ಆ ಪುಡಿಯೇ ಹೊಸ ಗೀರು ಹಾಕುತ್ತದೆ. ಎಣ್ಣೆ ಕಪ್ಪಾಗುವುದು ಕಡಿಮೆಯಾಗುವವರೆಗೆ ಇದೇ ಕೆಲಸ. ಟೀವಿ ನೋಡುತ್ತ, ಅರಳಿಕಟ್ಟೆಯ ಮೇಲೆ ಕೂತು ಹರಟುತ್ತ ಮಾಡಬಹುದಾದ ಕೆಲಸವಿದು. ಆತುರಗಾರರಿಗೆ ಮಾತ್ರ ಆಗಿಬರುವುದಿಲ್ಲ.

ಎಣ್ಣೆಯಿಲ್ಲದೆ ಒಣಗಲು ಕೀಲನ್ನೇ ಬಲವಾಗಿ ಆಡಿಸಿ ಸವೆಸುತ್ತೇನೆ ಎಂದು ಹೊರಡುವವರಿದ್ದಾರೆ. ಒಂದೇ ಜಾತಿಯ ಎರಡು ಉಕ್ಕುಗಳು ನಡುವೆ ಎಣ್ಣೆಯ ಪದರವಿಲ್ಲದೆ ಒತ್ತಿ ಉಜ್ಜಿದರೆ, ಏರುಗಳು ಉದುರುವ ಬದಲು ಒಂದರ ಮೈಯಿಂದ ಕಿತ್ತು ಇನ್ನೊಂದಕ್ಕೆ ಅಂಟಿಕೊಳ್ಳುತ್ತವೆ. ಮೆಕ್ಯಾನಿಕ್‌ಗಳು ಸೀಜ್ ಆಯಿತು ಅನ್ನುವುದು ಇದರ ದೊಡ್ಡ ರೂಪವನ್ನು. ಹೀಗೆ ಕಚ್ಚಿಕೊಂಡ ಕೀಲು ಮೊದಲಿಗಿಂತ ಬಿಗಿಯಾಗುತ್ತದೆ, ಮುಂದೆ ಸಡಿಲವಾದರೂ ತರಿತರಿಯಾಗಿಯೇ ಆಡುತ್ತದೆ.

ಯಾವ ಎಣ್ಣೆ ಎಂಬುದರಲ್ಲಿ ಮನೆಮನೆಯಲ್ಲೂ ಒಂದೊಂದು ಪದ್ಧತಿ. ಅಡುಗೆಮನೆಯಲ್ಲಿ ಕೈಗೆ ಸಿಗುವ ಸೂರ್ಯಕಾಂತಿ ಎಣ್ಣೆ ಹಾಕಿದ ಕೀಲು ಆ ದಿನ ಚೆನ್ನಾಗಿಯೇ ಆಡುತ್ತದೆ. ಆದರೆ ಆ ಎಣ್ಣೆ ಗಾಳಿಗೆ ತೆರೆದುಕೊಂಡು ತೆಳುವಾಗಿ ಹರಡಿದಾಗ ನಿಧಾನವಾಗಿ ಗಟ್ಟಿಯಾಗಿ ಅರಗಿನಂತಾಗುತ್ತದೆ; ಒಲೆಯ ಹಿಂದಿನ ಗೋಡೆಗೆ ಹತ್ತಿದ ಜಿಡ್ಡನ್ನು ಕೆರೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊಬ್ಬರಿ ಎಣ್ಣೆ ಹಾಗೆ ಗಟ್ಟಿಯಾಗುವುದಿಲ್ಲ, ಆದರೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಾಗಿಯ ಮುಂಜಾನೆ ಮಾಗಡಿ ಕಡೆ ಕರೆಂಟ್ ಕಂಬ ಹತ್ತಬೇಕಾದವನ ಕೈಯಲ್ಲಿ ಅಂಥ ಪ್ಲೇಯರ್ ಇದ್ದರೆ ಬಿಸಿಲೇರುವವರೆಗೆ ಅವನು ಕಾಯಬೇಕು. ಎತ್ತಿನ ಗಾಡಿಯ ಅಚ್ಚಿಗೆ ಹಿಂದೆ ಹಾಕುತ್ತಿದ್ದ ಕೀಲೆಣ್ಣೆ, ಅಂದರೆ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಮುದ್ದೆ, ಅಗಲವಾದ ಮರದ ಗುಂಬಕ್ಕೆ ಸರಿಯಾಗಿತ್ತು. ಪ್ಲೇಯರಿನ ಕೂದಲೆಳೆ ಸಂದಿಗೆ ಅದು ಇಳಿಯುವುದೇ ಇಲ್ಲ. ಗ್ರೀಸಿನ ಕತೆಯೂ ಅಷ್ಟೆ. ಒತ್ತಿದರೆ ಚಿಮ್ಮುವ ಡಬ್ಬಿಯ ತುಕ್ಕುಬಿಡಿಸುವ ದ್ರವಗಳು ಅಂಟು ಕರಗಿಸಲು ಬಲು ಚುರುಕು, ಆದರೆ ಅವುಗಳ ಬಹುಪಾಲು ಆವಿಯಾಗಿ ಹೋಗುತ್ತದೆ. ಅವನ್ನು ತೊಳೆಯಲು ಬಳಸಿ, ಆಮೇಲೆ ಎಣ್ಣೆಯನ್ನು ಬೇರೆಯಾಗಿಯೇ ಹಾಕಬೇಕು.

ಇಷ್ಟಾದರೂ ಬಗ್ಗದ ಪ್ಲೇಯರಿಗೆ ತೀಡುವ ಪುಡಿ. ಬೈಕ್ ಗ್ಯಾರೇಜುಗಳಲ್ಲಿ ಎಂಜಿನ್ನಿನ ವಾಲ್ವ್ ಕೂರಿಸಲು ಬಳಸುವ ಗ್ರೈಂಡಿಂಗ್ ಪೇಸ್ಟ್ ಸಿಗುತ್ತದೆ. ಅದರಲ್ಲಿ ನುಣುಪಾದದ್ದನ್ನು ಕಾಳಿನಷ್ಟು ತೆಗೆದುಕೊಂಡು, ಎಣ್ಣೆಯಲ್ಲಿ ತೆಳುವಾಗಿ ಕಲಸಿ, ಕೀಲಿನ ಗೆರೆಗೆ ಹಚ್ಚಿ ಆಡಿಸಬೇಕು. ದೇವರ ಮನೆಯ ಹಿತ್ತಾಳೆ ಉಜ್ಜುವ ಪಾಲಿಷ್ ಇನ್ನೂ ಸೌಮ್ಯ. ಹೊತ್ತು ಹಿಡಿದರೂ ಕೈತಪ್ಪುವ ಭಯ ಕಡಿಮೆ. ಇಲ್ಲಿ ಕೈ ತಡೆದು ಮಾಡಬೇಕು. ಎಣ್ಣೆ ಏರುಗಳನ್ನಷ್ಟೇ ಬೀಳಿಸುತ್ತದೆ, ತೀಡುವ ಪುಡಿ ಏರು ತಗ್ಗು ಎನ್ನದೆ ಎಲ್ಲವನ್ನೂ ತಿನ್ನುತ್ತದೆ, ರಿವೆಟ್ಟಿನ ಮೈಯನ್ನೂ ಬಿಡುವುದಿಲ್ಲ. ಹತ್ತು ಹದಿನೈದು ಸಲ ಆಡಿಸಿ, ಡೀಸೆಲ್ಲಿನಲ್ಲಿ ಪೂರ್ತಿ ತೊಳೆದು, ಎಣ್ಣೆ ಹಾಕಿ ನೋಡಿ, ಸಾಲದಿದ್ದರೆ ಮಾತ್ರ ಮತ್ತೆ. ತೊಳೆಯದೆ ಬಿಟ್ಟ ಪೇಸ್ಟ್ ಕೀಲಿನೊಳಗೆ ಕೂತು, ಪ್ಲೇಯರ್ ಆಡಿದಾಗಲೆಲ್ಲ ತೀಡುತ್ತಲೇ ಇರುತ್ತದೆ. ಮೂರು ತಿಂಗಳಲ್ಲಿ ಬಾಯಿ ಅಲುಗಾಡತೊಡಗಿದಾಗ ಮಾಲೇ ಸರಿಯಿಲ್ಲ ಎಂದು ಅಂಗಡಿಯವನ ಮೇಲೆ ದೂರು ಹೋಗುತ್ತದೆ.

ಕೀಲನ್ನು ಕಾಯಿಸಿ ಸಡಿಲಿಸುವ ಉಪಾಯವೊಂದು ಅಲ್ಲಲ್ಲಿ ಬಳಕೆಯಲ್ಲಿದೆ. ಗ್ಯಾಸ್ ಒಲೆಯ ಮೇಲೆ ಹಿಡಿದರೆ ಅಂಟು ಕರಗುವುದೇನೋ ಹೌದು. ಆದರೆ ಪ್ಲೇಯರಿನ ಕತ್ತರಿಸುವ ಅಂಚಿಗೆ ಕಾರ್ಖಾನೆಯಲ್ಲಿ ಕೊಟ್ಟ ಗಡಸುತನ ಶಾಖಕ್ಕೆ ಇಳಿಯುತ್ತದೆ. ಉಜ್ಜಿದ ಉಕ್ಕಿನ ಮೈ ಸುಮಾರು 230 ಡಿಗ್ರಿಗೆ ಒಣಹುಲ್ಲಿನ ಹಳದಿಗೆ ತಿರುಗುತ್ತದೆ, 300ರ ಸುಮಾರಿಗೆ ನೀಲಿ. ನೀಲಿ ಕಂಡ ಅಂಚು ತಾಮ್ರದ ತಂತಿಯನ್ನು ಕತ್ತರಿಸೀತು, ಬೇಲಿಯ ತಂತಿಗೆ ಇಟ್ಟರೆ ಅಂಚಿನಲ್ಲೇ ಕಚ್ಚು ಬೀಳುತ್ತದೆ. ರಿವೆಟ್ಟಿನ ತಲೆಯನ್ನು ಹಿಂಬದಿಯಿಂದ ಬಡಿದು ಹೊರಕ್ಕೆ ತಳ್ಳಲು ನೋಡುವುದು, ಬಾಯಿಗೆ ಸ್ಕ್ರೂಡ್ರೈವರ್ ತುರುಕಿ ಮೀಟುವುದು, ಇವೂ ಆ ಸಾಲಿನವೇ.

ಹದ ಬಂದಿತೆಂದು ತಿಳಿಯಲು ಮೂರು ಪರೀಕ್ಷೆ ಸಾಕು. ಒಂದು ಹಿಡಿಯನ್ನು ಬೆರಳುಗಳಲ್ಲಿ ಅಡ್ಡಲಾಗಿ ಹಿಡಿದು ಇನ್ನೊಂದನ್ನು ಬಿಟ್ಟರೆ ಅದು ತನ್ನ ಭಾರಕ್ಕೆ ತಾನೇ ನಿಧಾನವಾಗಿ ಇಳಿಯಬೇಕು. ದೊಪ್ಪನೆ ಬಿದ್ದರೆ ಹದ ದಾಟಿದೆ. ಬಾಯಿಯ ಎರಡು ತುಟಿಗಳನ್ನು ಎರಡು ಕೈಯಲ್ಲಿ ಹಿಡಿದು ಪಕ್ಕಕ್ಕೆ ಅಲುಗಿಸಿದರೆ ಏನೂ ಕದಲಬಾರದು. ಮುಚ್ಚಿದ ಬಾಯಿಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ತುದಿಗಳು ಕೂಡಿರಬೇಕು, ಕತ್ತರಿಸುವ ಅಂಚಿನ ನಡುವೆ ಬೆಳಕು ಇಣುಕಬಾರದು. ಹಳೆಯ ಬಸ್ ಟಿಕೆಟನ್ನು ಆ ಅಂಚಿನಲ್ಲಿ ಕತ್ತರಿಸಿ ನೋಡುವವರೂ ಇದ್ದಾರೆ. ಅಂಚು ಸರಿಯಿದ್ದರೆ ಚೀಟಿ ಉದ್ದಕ್ಕೂ ತುಂಡಾಗುತ್ತದೆ, ಇಲ್ಲದಿದ್ದರೆ ನಡುವೆ ಮಡಿಸಿಕೊಳ್ಳುತ್ತದೆ.

ಹದವೂ ಎಲ್ಲರಿಗೂ ಒಂದೇ ಅಲ್ಲ. ಚನ್ನಪಟ್ಟಣದಲ್ಲಿ ಹಾಲೆಮರದ ಬೊಂಬೆಗಳ ಜೊತೆಗೆ ಅರಗಿನ ಬಣ್ಣದ ಮಣಿ, ಓಲೆ, ಸರಗಳೂ ತಯಾರಾಗುತ್ತವೆ. ಓಲೆಗೆ ಕೊಕ್ಕೆ, ಮಣಿಗೆ ಬಳೆಯಾಕಾರದ ಸಣ್ಣ ಕೊಂಡಿ ಹಾಕುವವರು ಮೊನಚು ಬಾಯಿಯ ನೋಸ್ ಪ್ಲೇಯರನ್ನು ದಿನವಿಡೀ ಹಿಡಿದಿರುತ್ತಾರೆ. ಈ ಕೆಲಸದಲ್ಲಿ ಹೆಂಗಸರೇ ಹೆಚ್ಚು. ಒಂದೊಂದು ಕೊಂಡಿಗೂ ಒಮ್ಮೆ ತೆರೆದು ಒಮ್ಮೆ ಮುಚ್ಚಬೇಕು, ಒತ್ತಡ ಮಾತ್ರ ತೀರ ಕಡಿಮೆ. ಅಂಥವರಿಗೆ ಕೀಲು ಬಲು ಸಡಿಲವಾಗಿರಬೇಕು, ಹಿಡಿಗಳ ನಡುವೆ ತಾನಾಗಿ ತೆರೆಯುವ ಸ್ಪ್ರಿಂಗ್ ಇದ್ದರೆ ಇನ್ನೂ ಒಳ್ಳೆಯದು. ಕನಕಪುರದ ಕಾಡಂಚಿನಲ್ಲಿ, ಕಾವೇರಿ ವನ್ಯಧಾಮದ ಆನೆಗಳು ಹೊಲಕ್ಕೆ ಇಳಿಯುವ ಕಡೆ, ಬೇಲಿಯ ತಂತಿ ಎಳೆದು ಬಿಗಿಯುವವನಿಗೆ ಆ ಸಡಿಲ ಬೇಡ. ಅವನದು ದಿನಕ್ಕೆ ಕೆಲವೇ ಹಿಡಿತ, ಒಂದೊಂದೂ ಮೈಯ ಬಲವೆಲ್ಲ ಹಾಕಿ ಹಿಡಿದದ್ದು. ಎಳೆಯುವಾಗ ಬಾಯಿ ತಿರುಚಿಕೊಂಡರೆ ತಂತಿ ಜಾರಿ ಮುಖಕ್ಕೆ ಹಾರುತ್ತದೆ. ಅವನ ಪ್ಲೇಯರ್ ಸ್ವಲ್ಪ ಬಿಗಿಯಾಗಿಯೇ ಇರಲಿ. ಲೈನ್‌ಮ್ಯಾನ್ ಇವರಿಬ್ಬರ ನಡುವಿನವನು. ಒಂದು ಕೈ ಕಂಬಕ್ಕೆ ಹೋದಮೇಲೆ ಉಳಿದ ಒಂದೇ ಕೈಯಲ್ಲಿ ತೆರೆಯಬೇಕು, ಅಂದರೆ ಸಡಿಲವಿರಬೇಕು. ಅಲ್ಯೂಮಿನಿಯಂ ತಂತಿಯನ್ನು ಗಟ್ಟಿಯಾಗಿ ಸುತ್ತಬೇಕು, ಅಂದರೆ ಅಲುಗಾಡಬಾರದು.

ಕರೆಂಟಿನ ಕೆಲಸದ ಪ್ಲೇಯರಿಗೆ ಇನ್ನೊಂದು ಎಚ್ಚರ ಸೇರುತ್ತದೆ. ಹಿಡಿಗೆ ಬಣ್ಣದ ತೋಳಿದ್ದ ಮಾತ್ರಕ್ಕೆ ಅದು ಕರೆಂಟ್ ತಡೆಯುವುದಿಲ್ಲ. ಪರೀಕ್ಷೆಗೆ ಒಳಗಾದ ಇನ್ಸುಲೇಟೆಡ್ ಪ್ಲೇಯರಿನ ಮೇಲೆ ಎರಡು ತ್ರಿಕೋನಗಳ ಗುರುತೂ 1000 ವೋಲ್ಟ್ ಎಂಬ ಅಂಕಿಯೂ ಇರುತ್ತವೆ. ಆ ಅಂಕಿ ಕೂಡ ಮನೆಯ, ಮೋಟಾರಿನ ಲೈನಿಗೆ ಹೊರತು ಹನ್ನೊಂದು ಸಾವಿರ ವೋಲ್ಟಿನ ಕಂಬಕ್ಕಲ್ಲ. ಇಂಥದ್ದನ್ನು ಪಳಗಿಸುವಾಗ ಡೀಸೆಲ್ ತೋಳಿಗೆ ತಾಗಿದ್ದರೆ, ವೈಸ್‌ನಲ್ಲಿ ಕಚ್ಚಿಸಿದಾಗ ತೋಳಿನಲ್ಲಿ ಸೀಳು ಬಿದ್ದಿದ್ದರೆ, ಆಮೇಲೆ ಅದನ್ನು ಕರೆಂಟಿನ ಕೆಲಸಕ್ಕೆ ಬಳಸಬಾರದು.

ಪಳಗಿದ ಕೀಲು ಮತ್ತೆ ಬಿಗಿಯಾಗುವುದು ಕೆಲಸದ ಜಾಗದಿಂದ. ರಾಮನಗರದ ನೂಲು ಬಿಚ್ಚುವ ಘಟಕಗಳಲ್ಲಿ ಬೇಸಿನ್ನಿನ ಬಿಸಿನೀರಿನಿಂದ ಹಬೆ ಏಳುತ್ತಲೇ ಇರುತ್ತದೆ, ಕೈಯೂ ಉಪಕರಣವೂ ಸದಾ ಒದ್ದೆ. ರೇಷ್ಮೆಗೂಡಿನ ಅಂಟು ಆ ನೀರಿನಲ್ಲಿ ಕರಗಿರುತ್ತದೆ. ಯಂತ್ರದ ಯಾವುದೋ ಬೋಲ್ಟು ತಿರುಗಿಸಲು ಬಳಸಿ ಹಾಗೆಯೇ ಬಿಸಾಡಿದ ಪ್ಲೇಯರಿನ ಕೀಲಿನಲ್ಲಿ ಅದು ಒಣಗಿ ಕೂರುತ್ತದೆ, ಜೊತೆಗೆ ತುಕ್ಕು. ಈ ಅಂಟು ಡೀಸೆಲ್ಲಿಗೆ ಜಗ್ಗುವುದಿಲ್ಲ. ಬಿಸಿನೀರಿಗೆ ಬಿಡುತ್ತದೆ, ಗೂಡಿನಿಂದ ಬಿಟ್ಟ ಹಾಗೆಯೇ. ಬಿಸಿನೀರಿನಲ್ಲಿ ಆಡಿಸಿ, ಕೂಡಲೇ ಒರೆಸಿ, ಬಿಸಿಲಿಗಿಟ್ಟು ಒಣಗಿಸಿ, ಎಣ್ಣೆ ಬಿಡಬೇಕು. ಚನ್ನಪಟ್ಟಣದ ಮಾತು ಬೇರೆ. ತಿರುಗುವ ಬೊಂಬೆಗೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅದರ ಚೂರು ಮತ್ತು ಮರದ ಪುಡಿ ಸುತ್ತಲಿನ ಎಲ್ಲ ಉಪಕರಣದ ಮೇಲೂ ಕೂರುತ್ತವೆ. ಕೀಲಿಗೆ ಸೇರಿದ ಅರಗನ್ನು ನೀರೂ ಬಿಡಿಸದು, ಡೀಸೆಲ್ಲೂ ಬಿಡಿಸದು, ಸ್ಪಿರಿಟ್ ಬಿಡಿಸುತ್ತದೆ. ಕನಕಪುರ, ಮಾಗಡಿಯ ಹೊಲಗಳಲ್ಲಿ ಕೆಮ್ಮಣ್ಣು ಮತ್ತು ತುಕ್ಕು. ಅಲ್ಲಿ ಬ್ರಷ್ ಮತ್ತು ಡೀಸೆಲ್ ಸಾಕು. ತುಕ್ಕು ಹಳೆಯದಾಗಿದ್ದರೆ ಹುಣಸೆಹಣ್ಣಿನ ರಸದಲ್ಲಿ ಒಂದು ರಾತ್ರಿ ನೆನೆಸಿಡಬಹುದು. ಬೆಳಗ್ಗೆ ಚೆನ್ನಾಗಿ ತೊಳೆದು ಎಣ್ಣೆ ಹಚ್ಚದಿದ್ದರೆ ಸಂಜೆಯೊಳಗೆ ಹೊಸ ತುಕ್ಕು ಮೂಡುತ್ತದೆ.

ಹದ ದಾಟಿ ಸಡಿಲವಾದ ಪ್ಲೇಯರಿಗೂ ಒಂದು ದಾರಿ ಉಂಟು. ರಿವೆಟ್ಟಿನ ಒಂದು ತಲೆಯನ್ನು ಕಬ್ಬಿಣದ ಅಡಿಗಲ್ಲಿನ ಮೇಲೆ ಕೂರಿಸಿ, ಇನ್ನೊಂದು ತಲೆಯ ನಡುವಿಗಲ್ಲದೆ ಅಂಚಿನ ಸುತ್ತ ಸುತ್ತಿಗೆಯ ಗುಂಡು ಬದಿಯಿಂದ ಸಣ್ಣಸಣ್ಣ ಪೆಟ್ಟು ಹಾಕಿದರೆ ತಲೆ ಹರಡಿ ಎರಡು ತುಂಡುಗಳು ಮತ್ತೆ ಒತ್ತಿಕೊಳ್ಳುತ್ತವೆ. ಅಡಕತ್ತರಿ ಸಡಿಲವಾದಾಗ ಕಮ್ಮಾರ ಮಾಡಿಕೊಡುತ್ತಿದ್ದುದೂ ಇದೇ ಕೆಲಸ. ಎರಡು ಪೆಟ್ಟಿಗೊಮ್ಮೆ ತೆರೆದು ನೋಡುತ್ತಿರಬೇಕು. ಹೆಚ್ಚಾಗಿ ಬಡಿದರೆ ಎಣ್ಣೆ ಮತ್ತು ಬಟ್ಟೆ ಹಿಡಿದು ಮೊದಲಿನಿಂದ ಶುರುಮಾಡಬೇಕಾಗುತ್ತದೆ. ರಿವೆಟ್ಟಿನ ಮೈಯೇ ಸವೆದಿದ್ದರೆ ಈ ಪೆಟ್ಟು ಹೆಚ್ಚು ದಿನ ನಿಲ್ಲುವುದಿಲ್ಲ. ಅಂಥದ್ದನ್ನು ತಂತಿಯ ಕೆಲಸದಿಂದ ಬಿಡಿಸಿ, ಮೊಳೆ ಕೀಳುವುದಕ್ಕೋ ಒಲೆಯ ಮೇಲಿನ ಬಿಸಿ ಪಾತ್ರೆ ಇಳಿಸುವುದಕ್ಕೋ ಇಟ್ಟುಕೊಂಡು, ತಂತಿಗೆ ಬೇರೆಯದನ್ನು ಕೊಳ್ಳುವುದೇ ವಾಡಿಕೆ.